ಗೆಣಸಿನ ತಲೆ

ಕಾಡಂಚಿನ ಹಾಡಿ, ಸರಗೂರು

ಪ್ರೀತಿಯ ಸುಕನ್ಯ,

ನಾವಿಬ್ಬರೂ ಒಂದೇ ದಿನ ಸ್ವಯಂಸೇವಕರಾಗಿ ಈ ಹಾಡಿಗೆ ಬಂದವರು. ನೀನು ಹೋಗಿ ವರ್ಷವಾಯಿತು. ಮಕ್ಕಳಿಗೆ ಪಾಠ ಹೇಳುತ್ತಿರುವವಳು ನಾನು. ಆದರೂ ಮುತ್ತಿ ಅಜ್ಜಿಗೆ ನಾನಿನ್ನೂ ‘ಸುಕನ್ಯನ ಜೊತೆಯವಳು’.

ನಿನ್ನೆ ಅಜ್ಜಿ ಕೊನೆಗೂ ನನ್ನನ್ನು ಕಾಡುಗೆಣಸು ಅಗೆಯಲು ಕರೆದೊಯ್ದರು. ತೋಳುದ್ದದ್ದೇ ಸಿಕ್ಕಿತು. ನಾನು ಹಿಗ್ಗುವಷ್ಟರಲ್ಲಿ, “ಓದ್ವರ್ಸ ಇದ್ರ ತಲೆ ಕುಯ್ದು ಮಣ್ಣಿಗಿಟ್ಟೋಳು ಸುಕನ್ಯ ಕಣವ್ವ, ಅದ್ಕೇ ಮತ್ತೆ ಬೆಳ್ದದೆ. ಅವ್ಳಿಗೂ ಒಂದು ತುಂಡು ಕಳ್ಸು” ಅಂದರು.

ನಿನ್ನ ತುಂಡನ್ನು ಸುಟ್ಟು ನಾನೇ ತಿಂದೆ. ಬಹಳ ಚೆನ್ನಾಗಿತ್ತು.

ಈ ಸಲ ಬಳ್ಳಿ ಕಡೆಯ ಆ ತಲೆಯನ್ನು ಕೊಯ್ದು ಹೂತವಳು ನಾನು. ದಯವಿಟ್ಟು ಈ ವರ್ಷ ಬರಬೇಡ. ಮುಂದಿನ ವರ್ಷ ಬಾ. ಅಜ್ಜಿ ನಿನ್ನ ಕೈಗೆ ಗೆಣಸು ಕೊಟ್ಟು ನನ್ನ ಹೆಸರು ಹೇಳುವುದನ್ನು ನೀನು ಕೇಳಬೇಕು.

ಇಲ್ಲೇ ಉಳಿದವಳು,
ಹೇಮಲತಾ