ಕೊಲ್ಹಾರದಲ್ಲಿ ಇಲ್ಲದ ಕಲ್ಲು

ಹೊಸ ಕೊಲ್ಹಾರ
೧೨ ಮೇ ೨೦೨೫

ಪ್ರೀತಿಯ ತಮ್ಮ ಶ್ರೀಶೈಲಾ,

ಆರಾಮ ಇದ್ದೀಯಲ್ಲ? ಸಕ್ಕರೆ ಕಾಯಿಲೆ ಹಿಡಿತದಲ್ಲಿದೆಯೇ? ನನ್ನ ಮಂಡಿಗಳು ಮುಷ್ಕರ ಹೂಡಿವೆ, ಕಂಡಕ್ಟರನಾಗಿ ನಾನು ಹೂಡಿದ್ದಕ್ಕಿಂತ ಜಾಸ್ತಿ ದಿನ. ಫೋನ್ ಮಾಡಿದರೆ "ಅಣ್ಣಾ, ನಿನ್ನ ಚೇಷ್ಟಿ ಸಾಕ ಮಾಡು" ಅಂತ ಇಟ್ಟುಬಿಡುತ್ತೀ. ಅದಕ್ಕೇ ಕಾಗದ.

ಮೊನ್ನೆ ನನ್ನ ಮನೆಯಾಕೆ, ನಿನ್ನ ವೈನಿ ಶಂಕ್ರೆವ್ವನಿಗೆ ನೀನು ಫೋನಿನಲ್ಲಿ ಹೇಳಿದ್ದು ನನಗೆ ಗೊತ್ತಾಯಿತು. ಹಳೆಯ ಕೊಲ್ಹಾರದ ಹೊಳೆದಂಡೆಯಲ್ಲಿ ನೀನು ಕಂಡ ಶಾಸನವನ್ನು ಬೇರೆ ಯಾರೂ ನೋಡಿಲ್ಲ, ಅದನ್ನು ಕೈಬಿಡಲು ಒಪ್ಪಿಗೆ ಬರೆದುಕೊಡಿ ಅಂತ ಜಿಲ್ಲೆಯ ಶಾಸನಗಳ ಪುಸ್ತಕ ಮಾಡುವವರು ಕೇಳಿದ್ದಾರಂತೆ. ನೀನು ಸಹಿ ಹಾಕುವವನಂತೆ. "ವೈನಿ, ಆ ಕಲ್ಲು ಖರೇನ ಇತ್ತೋ, ನನಗ ಭ್ರಮಿ ಆಗಿತ್ತೋ, ಈಗ ನನಗ ತಿಳೀವಲ್ದು" ಅಂದೆಯಂತೆ. ಅದನ್ನು ಕೇಳಿದವನೇ ಹಾಳೆ ಪೆನ್ನು ಹುಡುಕಿದೆ.

ಎಂಬತ್ತೆಂಟರಲ್ಲಿ ನೀನು ಆ ಕಲ್ಲಿಗೆ ಒದ್ದೆ ಕಾಗದ ಬಡಿದು, ಮಸಿ ಒತ್ತಿ ಅಚ್ಚು ತೆಗೆದೆ. ಮುಖದ ಮಸಿ ನೋಡಿ ಅವ್ವ ಬೈದಳು. ನೀನು ಶಾಸನ ಹುಡುಕಿದರೆ ನಾನು ಬಸ್ಸಿನಲ್ಲಿ ಮಂದಿಗೆ ಆಸನ ಹುಡುಕುತ್ತಿದ್ದೆ. ತಮ್ಮನದು ಇತಿಹಾಸ, ನನ್ನದು ಅತಿಹಾಸ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ವಿಶ್ವವಿದ್ಯಾಲಯದಿಂದ ಮೂವರು ಜೀಪಿನಲ್ಲಿ ಬಂದರು. ಕಲ್ಲು ನೋಡಿ ಒಪ್ಪಿದರೆ ನಿನಗೆ ಅಲ್ಲೇ ನೌಕರಿ. ಹೋಗಿ ನೋಡಿದರೆ ಬರೀ ಮರಳು; ಕಲ್ಲಿಲ್ಲದ ಅಚ್ಚನ್ನು ಅವರು ನಂಬಲಿಲ್ಲ. "ನಿಮಗೆ ಕಲ್ಲಿಗಿಂತ ಕಲ್ಪನೆಯೇ ಗಟ್ಟಿ" ಅಂತ ಹಿರಿಯರೊಬ್ಬರು ನಕ್ಕರು. ಮಾತು ಚಂದವಿತ್ತು, ನಾನೂ ನಕ್ಕೆ. ಆಗ ನೀನು ತಿರುಗಿ ನನ್ನ ಮುಖ ನೋಡಿದೆ.

ಮುಂದೆ ಸಿಂದಗಿಯ ಕಾಲೇಜು, ಮೂವತ್ತು ವರ್ಷ ಬೇರೆಯವರ ಪುಸ್ತಕದಿಂದ ನೋಟ್ಸು ಬರೆಸುವುದು. ಮತ್ತೊಂದು ಕಲ್ಲನ್ನು ನೀನು ಮುಟ್ಟಲೇ ಇಲ್ಲ, ಊರಿಗೂ ಬರಲಿಲ್ಲ. ಅಣೆಕಟ್ಟು ಬಂದು ಆ ದಂಡೆ, ಹಳೆಯ ಊರು ಎಲ್ಲ ಕೃಷ್ಣೆಯ ಹಿನ್ನೀರಿಗೆ ಹೋಯಿತು. ಬೇಸಿಗೆಯಲ್ಲಿ ನೀರು ಸರಿದಾಗ ಸೇತುವೆ ಮೇಲೆ ನಿಲ್ಲುತ್ತೇನೆ. ಹಳೆಯ ಗೋಡೆಗಳು ತಲೆ ಎತ್ತುತ್ತವೆ. ಯಾರೋ ಕೆಳಗಿನಿಂದ ನನ್ನ ಹೆಸರು ಹಿಡಿದು ಕರೆದಂತಾಗುತ್ತದೆ. ಎಲ್ಲರಿಗೂ ಎದುರುತ್ತರ ಕೊಡುವ ನಾನು ಅದಕ್ಕೆ ಓ ಅನ್ನಲಾರೆ.

ಭಾಗ್ಯಜ್ಯೋತಿಗೂ ಮಕ್ಕಳಿಗೂ ಮುದುಕನ ಹರಕೆ ಮುಟ್ಟಿಸು. ಗುಳಿಗೆ ತಪ್ಪಿಸಬೇಡ.

ಬೈದರೂ ನಿನ್ನವನೇ ಆದ ಅಣ್ಣ,
ಅಮೋಘಸಿದ್ಧ

ತಾ.ಕ.: ಸಹಿ ಹಾಕಬೇಡ. ಕಲ್ಲು ಇತ್ತು. ಜೀಪು ಬರುವ ಹಿಂದಿನ ದಿನ ನಾನೂ ಗೆಳೆಯ ಮೀರಾಸಾಬನೂ ಹಾರೆ ಹಾಕಿ ಕಿತ್ತು, ಅಕ್ಷರ ಕೆಳಗೆ ಮಾಡಿ ಹೊಳೆಗಿಳಿಯುವ ಊರಬಾಗಿಲ ಅಗಸಿ ಮೆಟ್ಟಿಲ ಹತ್ತಿರ ಹಾಸಿದೆವು. ನಿನ್ನನ್ನು ಒಂದಿಷ್ಟು ಕಾಡಿಸಿ ತೋರಿಸುವುದಿತ್ತು. ಅವರು ಹಾಗೆ ನಕ್ಕ ಮೇಲೆ ಧೈರ್ಯ ಬರಲಿಲ್ಲ. ಊರು ಮುಳುಗುವ ತನಕ ಅವ್ವ ಅದರ ಬೆನ್ನ ಮೇಲೆ ಬಟ್ಟೆ ಒಗೆದಳು. ಮೀರಾಸಾಬ ತೀರಿಕೊಂಡ. ನನ್ನೊಬ್ಬನ ಮಾತು ಯಾರು ನಂಬುತ್ತಾರೆ? ಆದರೆ ಮಣ್ಣಲ್ಲಿ ಹೂತಿದ್ದ ಭಾಗದಲ್ಲಿ ಇನ್ನೊಂದು ಸಾಲಿತ್ತು, ನಿನ್ನ ಅಚ್ಚಿನಲ್ಲಿ ಅದಿಲ್ಲ. ಮಣ್ಣು ಒರೆಸುವಾಗ ಅದರ ಮೇಲೆ ಬೆರಳಾಡಿಸಿದ್ದೆ. ಅಂದಿನಿಂದ ಊಟದ ತಾಟಿನಲ್ಲೂ ಹಾಸಿಗೆ ಮೇಲೂ ಈ ಬೆರಳು ಅದನ್ನೇ ಬರೆಯುತ್ತಿದೆ. ನನಗೆ ಓದಲು ಬಾರದ ಆ ಹಳೆಗಾಲದ ಅಕ್ಷರಗಳನ್ನು ಈ ಹಾಳೆಯ ಹಿಂದೆ ಬಿಡಿಸಿದ್ದೇನೆ. ನಿನ್ನ ಅಚ್ಚಿನ ಸಾಲುಗಳಿಗೆ ಹೊಂದಿದರೆ ಪುಸ್ತಕದವರಿಗೆ ಕಳಿಸು. ಕಲ್ಲು ಕಿತ್ತವನಿಗೆ ಶಾಪವನ್ನು ಶಾಸನದ ಕೊನೆಯಲ್ಲಿ ಬರೆದಿರುತ್ತಾರೆ ಅಂತ ನೀನೇ ಹೇಳಿದ್ದೆ. ಇದು ಅದೇ ಆಗಿದ್ದರೆ, ತಮ್ಮಾ, ಒಂದಕ್ಷರ ಬಿಡದೆ ಓದಿ ನನಗೆ ಹೇಳು.