ಅವಳ ತಪ್ಪುಗಳ ಮೇಲೆ ನನ್ನ ಹೊಟ್ಟೆಕಿಚ್ಚು

ಹೊಸ ಮನೆಯ ಅಡುಗೆಮನೆ ಮೇಜಿನಿಂದ,
ಹನ್ನೆರಡನೇ ತಾರೀಖು, ಗುರುವಾರ ಬೆಳಗ್ಗೆ

ಮುದ್ದು ಅಕ್ಕಾ,

ಕಾಲಿನ ಪ್ಲಾಸ್ಟರ್ ಬಿಚ್ಚಿದರಂತೆ, ನೋವು ಪೂರ್ತಿ ಹೋಯಿತಾ? ಡಾಕ್ಟರ್ ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲಾ ಮಾಡಿದೆ ಎಂದು ಭಾವನ ಹತ್ತಿರ ಸುಳ್ಳು ಹೇಳುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಮದುವೆಯಾಗಿ ಎಪ್ಪತ್ತೊಂದು ದಿನವಾಯಿತು, ಈಗಲೂ ಇವರು ಗೇಟು ತೆಗೆಯುವ ಸದ್ದಿಗೆ ನನ್ನ ಎದೆ ಡವಡವ ಅನ್ನುತ್ತದೆ. ಫೋನಿನಲ್ಲಿ ಹೇಳಿದರೆ ನೀನು ನಕ್ಕುಬಿಡುತ್ತೀಯಾ, ನನಗೂ ನಗು ಬಂದು ವಿಷಯ ಅಲ್ಲಿಗೇ ನಿಂತುಹೋಗುತ್ತದೆ. ಅದಕ್ಕೇ ಕಾಗದ. ವಿಷಯ ಇಷ್ಟೇ ಅಕ್ಕ, ನಾನು ಹೊಟ್ಟೆಕಿಚ್ಚಿನಿಂದ ಬೇಯುತ್ತಿದ್ದೇನೆ.

ಇವರ ಕೆಲಸ ನಿನಗೆ ಗೊತ್ತು, ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಹೊರಟವರನ್ನು ತಯಾರು ಮಾಡುವುದು. ಶಾಲೆಗೆ ಕಳಿಸುವ ಮೊದಲು ಒಬ್ಬೊಬ್ಬರೂ ತಮ್ಮ ಜೊತೆಯವರ ಮುಂದೆಯೇ ಪಾಠ ಮಾಡಬೇಕು. ಉಳಿದವರು ಒಂಬತ್ತನೇ ಕ್ಲಾಸಿನ ಮಕ್ಕಳಾಗಿ ಬೆಂಚಿನ ಮೇಲೆ ಕೂತು, ಮಕ್ಕಳು ತಪ್ಪುವ ಹಾಗೆಯೇ ತಪ್ಪಬೇಕು. ಅದೇ ಕಷ್ಟವಂತೆ. ಲೆಕ್ಕ ಚೆನ್ನಾಗಿ ಬರುವವರಿಗೆ ತಪ್ಪು ಮಾಡಲು ಬರುವುದಿಲ್ಲ. ಬಾಯಿಗೆ ಬಂದ ಸಂಖ್ಯೆ ಹೇಳಿ ಕಿಸಕ್ಕೆನ್ನುತ್ತಾರೆ. ಒಬ್ಬಳಿಗೆ ಮಾತ್ರ ಬರುತ್ತದೆ. ಅವಳಿಗೆ ನಾನಿಟ್ಟ ಹೆಸರು ತಪ್ಪುರಾಣಿ. ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಐದನೇ ಎರಡು ಅಂದಳಂತೆ. ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಕೂಡಿಸಿಬಿಟ್ಟಳು. ಹೇಗೆ ಅಂತ ಕೇಳಿದರೆ, “ಮೊದಲು ಬುಟ್ಟಿಗೆ ಎರಡು ಸಲ ಚೆಂಡು ಎಸೆದೆ, ಒಂದು ಒಳಗೆ ಬಿತ್ತು. ಆಮೇಲೆ ಮೂರು ಸಲ ಎಸೆದೆ, ಒಂದು ಬಿತ್ತು. ಐದಕ್ಕೆ ಎರಡೇ ತಾನೇ ಸಾರ್?” ಅಂದಳಂತೆ. ಇದನ್ನು ನನಗೆ ಹೇಳುವಾಗ ಇವರ ಕೈಯ ತುತ್ತು ಕೈಯಲ್ಲೇ ಇತ್ತು. “ಎಂಥಾ ತಪ್ಪು ಮಾಡ್ತಾಳೆ ಗೊತ್ತಾ ಆ ಹುಡುಗಿ,” ಅಂದರು. ನನ್ನ ರೇಷ್ಮೆ ಸೀರೆಯನ್ನೂ ಇವರು ಆ ಕಣ್ಣಿನಿಂದ ನೋಡಿದವರಲ್ಲ. ಊಟ ಮುಗಿಸಿ ಅವಳ ಉತ್ತರವನ್ನು ನೀಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು.

ಡಿಗ್ರಿ ಮುಗಿಯುವ ತನಕ ಲೆಕ್ಕದಲ್ಲಿ ಒಂದು ತಪ್ಪೂ ಮಾಡದ ನಾನು ಮಾರನೆಯ ದಿನ ಬಟ್ಟೆ ಮಡಿಸುತ್ತಾ, ಏಳೆಂಟಲ ಐವತ್ತನಾಲ್ಕು ಅಂತ ಸುಮ್ಮನೆ ತೇಲಿಬಿಟ್ಟೆ. ಇವರು ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. “ಐವತ್ತಾರು. ಅದು ತಪ್ಪಲ್ಲ ಕಣೇ, ಬರೀ ಅಜಾಗ್ರತೆ,” ಅಂದರು. ನನ್ನ ತಪ್ಪಿಗೆ ತಪ್ಪು ಅನ್ನಿಸಿಕೊಳ್ಳುವ ಯೋಗ್ಯತೆಯೂ ಇಲ್ಲ.

ಸೋಮವಾರ ಇಬ್ಬರು ರಜೆ ಹಾಕಿದ್ದರು, ಬೆಂಚು ತುಂಬಲು ಜನ ಬೇಕು ಎಂದು ನನ್ನನ್ನು ಕರೆದುಕೊಂಡು ಹೋದರು. ಅವಳನ್ನು ನೋಡುವ ಆಸೆಗೆ ಕುಣಿಯುತ್ತಾ ಹೋದೆ. ಮೂಗು ದಪ್ಪವಿರಲಿ, ಹಲ್ಲು ಉಬ್ಬಿರಲಿ ಎಂದುಕೊಂಡಿದ್ದೆ. ಏನೂ ಇಲ್ಲ ಅಕ್ಕ, ಲಕ್ಷಣವಾಗಿದ್ದಾಳೆ, ಸಾಲದ್ದಕ್ಕೆ ಒಳ್ಳೆಯವಳು. ಅವತ್ತಿನ ಪಾಠ ಅವಳದೇ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಏನು ಎಂದು ನನ್ನನ್ನೇ ಕೇಳಿದಳು. ಪ್ಲಸ್ ಅಂದೆ. “ಯಾಕೆ?” ರೂಲ್, ಎರಡು ಮೈನಸ್ ಸೇರಿದರೆ ಪ್ಲಸ್. “ಹಾಗಾದ್ರೆ ಮೈನಸ್ ಎರಡಕ್ಕೆ ಮೈನಸ್ ಮೂರು ಕೂಡಿಸಿದ್ರೂ ಪ್ಲಸ್ಸಾ?” ಅಲ್ಲ ಅಂತ ಗೊತ್ತು. ಕೂಡಿಸುವಾಗ ಆಗದ್ದು ಗುಣಿಸುವಾಗ ಯಾಕೆ ಆಗುತ್ತದೆ ಎನ್ನುವುದು ಮಾತ್ರ ನನಗೆ ಯಾವತ್ತೂ ಗೊತ್ತಿರಲಿಲ್ಲ. ಮುಖ ಕೆಂಪಗಾಯಿತು. ಹಿಂದಿನ ಬೆಂಚಿನಲ್ಲಿ ಇವರು ನೀಲಿ ನೋಟ್‌ಬುಕ್ ತೆರೆದು ಬರೆದುಕೊಳ್ಳುತ್ತಿದ್ದರು. ನಾಚಿಕೆಯ ಮಧ್ಯೆಯೂ ಒಳಗೊಳಗೇ ಹಿಗ್ಗಿದೆ ನೋಡು, ಕೊನೆಗೂ ನನ್ನ ತಪ್ಪು ಅಲ್ಲಿ ಸೇರಿತು ಅಂತ. ಮನೆಗೆ ಬಂದು ಇವರು ಸ್ನಾನಕ್ಕೆ ಹೋದಾಗ ಕದ್ದು ತೆರೆದೆ. ಬರೆದದ್ದು ನನ್ನ ಉತ್ತರವಲ್ಲ, ಅವಳ ಪ್ರಶ್ನೆ.

ನಿನ್ನೆ ಅವಳೇ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಮಾತಾಡಬಾರದು ಅಂದುಕೊಂಡವಳು, ಅಷ್ಟೊಂದು ತಪ್ಪು ಎಲ್ಲಿಂದ ಹುಡುಕುತ್ತೀಯಾ ಎಂದು ಕೇಳಿಯೇಬಿಟ್ಟೆ. “ಹುಡುಕೋದೇನು ಮೇಡಂ, ಎಲ್ಲಾ ನನ್ನವೇ. ಹತ್ತನೇ ಕ್ಲಾಸಲ್ಲಿ ಎರಡು ಸಲ ಫೇಲು. ಯಾರೂ ಯಾಕೆ ಅಂತ ಕೇಳ್ಲಿಲ್ಲ, ತಲೆ ಮೇಲೆ ಮೊಟಕಿದ್ರು ಅಷ್ಟೆ,” ಅಂದಳು. ಆಮೇಲೆ ನನ್ನ ಬಸ್ ಟಿಕೆಟಿನ ಹಿಂಭಾಗದಲ್ಲಿ ಮೈನಸ್ ಮೂರನ್ನು ಎರಡರಿಂದ, ಒಂದರಿಂದ, ಸೊನ್ನೆಯಿಂದ ಗುಣಿಸಿ ಒಂದರ ಕೆಳಗೊಂದು ಬರೆದಳು. ಮೈನಸ್ ಆರು, ಮೈನಸ್ ಮೂರು, ಸೊನ್ನೆ. “ಒಂದೊಂದು ಸಾಲಿಗೂ ಮೂರು ಏರ್ತಾ ಇದೆ. ಈಗ ಮೈನಸ್ ಒಂದರಿಂದ ಗುಣಿಸಿ. ಮುಂದಿನದು?” ಪ್ಲಸ್ ಮೂರು ಎನ್ನುವಾಗ ನನ್ನ ಮೈಯೆಲ್ಲಾ ಜುಮ್ಮೆಂದಿತು. ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ. ಈಗ ನನ್ನ ಹೊಟ್ಟೆಕಿಚ್ಚು ಇಮ್ಮಡಿಯಾಗಿದೆ. ಇವರ ನೋಟ್‌ಬುಕ್ ಹಾಗಿರಲಿ, ಅವಳು ಫೇಲಾದದ್ದರ ಮೇಲೂ ನನಗೆ ಕಣ್ಣು.

ಭಾವನಿಗೆ ನಮಸ್ಕಾರ, ಚಿಕ್ಕವಳ ಎರಡೂ ಕೆನ್ನೆಗೆ ಮುತ್ತು. ಕಾಲು ಜೋಪಾನ, ಮೆಟ್ಟಿಲು ಹತ್ತಬೇಡ.

ನಿನ್ನ
ವಟವಟಿ

ಮರೆತಿದ್ದೆ: ಅಮ್ಮ ಗಾಜು ಹಾಕಿಸಿ ತವರಿನ ನಡುಮನೆಯಲ್ಲಿ ನೇತುಹಾಕಿರುವ ನನ್ನ ಡಿಗ್ರಿ ಅಂಕಪಟ್ಟಿಯನ್ನು ಭಾವನ ಕೈಯಲ್ಲಿ ತೆಗೆಸಿ ಬೇಗ ಕಳಿಸು. ತರಬೇತಿಗೆ ಅರ್ಜಿ ಹಾಕುತ್ತಿದ್ದೇನೆ, ಇವರ ಕಾಲೇಜಿಗಲ್ಲ, ಊರಾಚೆಯ ಇನ್ನೊಂದಕ್ಕೆ. ಇವರ ಕ್ಲಾಸಿನಲ್ಲಿ ಕೂತರೆ ಬೋರ್ಡು ಬಿಟ್ಟು ಆ ನೋಟ್‌ಬುಕ್ಕನ್ನೇ ನೋಡುತ್ತಿರುತ್ತೇನೆ. ಇವರಿಗೆ ಇನ್ನೂ ಹೇಳಿಲ್ಲ. ಗಣಿತ ಶಿಕ್ಷಕಿ ಏಕೆ ಆಗಬೇಕು ಎಂದು ಫಾರಂನಲ್ಲಿ ಎರಡು ಸಾಲು ಜಾಗ ಬಿಟ್ಟಿದ್ದಾರೆ. ಗಂಡ ಒಂದು ಸಲ ನನ್ನ ಕಡೆ ಹಾಗೆ ನೋಡಲಿ ಅಂತ, ಎಂದು ನಿಜ ಬರೆದು ಹರಿದುಹಾಕಿದೆ. ಎರಡನೇ ಫಾರಂ ತಂದು ಸುಳ್ಳು ಬರೆಯಲು ಕೂತೆ: ಉತ್ತರಗಳೆಲ್ಲ ನನಗೆ ಗೊತ್ತಿವೆ, ಯಾಕೆ ಅಂತ ಗೊತ್ತಿಲ್ಲ. ಬರೆದು ಓದಿ ನೋಡಿದರೆ ಅಕ್ಕ, ಅದೂ ನಿಜವೇ.