ಬಿಟ್ಟುಹೋದ ಗುಡಿಸು

ನವೆಂಬರ್ ೧೨, ಬುಧವಾರ

ನಾನು ಆಡುವ ವಿಡಿಯೋ ಆಟದ ಕಂಪನಿ ಮುಚ್ಚುತ್ತಿದೆಯಂತೆ. ಸಂಜೆ ಕೊನೆಯ ಅಪ್‌ಡೇಟ್ ಜೊತೆಗೇ ಸುದ್ದಿಯೂ ಬಂತು.

ಒಂಬತ್ತು ವರ್ಷದ ಹಿಂದೆ ಆ ಆಟವನ್ನು ಪುಕ್ಕಟೆಯಾಗಿ ಕನ್ನಡಕ್ಕೆ ತಂದವನು ನಾನೇ. ಅವಸರದಲ್ಲಿ ‘ಗಿ’ಯ ಗುಡಿಸು ಬಿಟ್ಟುಬಿಟ್ಟಿದ್ದೆ. ಆಟ ಸೇವ್ ಮಾಡಿದಾಗಲೆಲ್ಲ ‘ಉಳಿಸಲಾಗಿದೆ’ ಎನ್ನುವ ಬದಲು ‘ಉಳಿಸಲಾಗದೆ’ ಎಂದು ಬರುತ್ತಿತ್ತು. ತಿದ್ದಿ ಎಂದಾಗಲೆಲ್ಲ ಕಂಪನಿಯವರು ‘ಮುಂದಿನ ಸಲ ಖಂಡಿತ’ ಎನ್ನುತ್ತಿದ್ದರು. ಇದ್ದವರೇ ಐದು ಜನ, ಪಾಪ. ಅವರನ್ನು ಬೈದವರ ಜೊತೆಗೆಲ್ಲ ಜಗಳ ಕಾದಿದ್ದೇನೆ.

ಇವತ್ತು ಸೇವ್ ಮಾಡಿದೆ. ‘ಉಳಿಸಲಾಗಿದೆ’ ಎಂದು ಬಂತು.

ಅಕ್ಕ ಇಣುಕಿ, “ಸರಿಹೋಯ್ತಲ್ಲೋ, ಇನ್ಯಾಕೆ ಅಳ್ತೀಯ?” ಅಂದಳು.

ಅಂಗಡಿ ಮುಚ್ಚುವ ಹೊತ್ತಿನಲ್ಲಿ ಯಾವನೋ ಪುಣ್ಯಾತ್ಮ ಕೂತು, ತನಗೆ ಗೊತ್ತಿಲ್ಲದ ಲಿಪಿಯಲ್ಲಿ ನನ್ನ ಗುಡಿಸು ಹಾಕಿಹೋಗಿದ್ದಾನೆ. ಆ ತಪ್ಪು ಹಾಗೇ ಇದ್ದರೂ ಆಗುತ್ತಿತ್ತು, ಅವರು ಉಳಿದಿದ್ದರೆ…